ಚೇಂಬರ್ ಒಡೆದ ಜೀಪು

ಕೆಟ್ಟ ಜೀಪನ್ನು ಇಳಕಲ್ಲಿನ ಗ್ಯಾರೇಜಿಗೆ ಎಳೆದು ತಂದ ಎತ್ತುಗಳ ಹಗ್ಗ ಬಿಚ್ಚುವ ಮೊದಲೇ ಡಾಕ್ಟರ್ ಕುಮುದಿನಿ ಜೀಪಿನಿಂದ ಕೆಳಗಿಳಿದಳು.

"ಮಿಸ್ತ್ರಿ ಎಲ್ಲಿದ್ದಾರ?"

ಗೇರ್ ಬಾಕ್ಸ್ ಬಿಚ್ಚಿಟ್ಟ ಲಾರಿಯ ಕೆಳಗಿನಿಂದ ರಾಚಪ್ಪ ಹೊರಗೆ ಬಂದ. ಐವತ್ತರ ಆಸುಪಾಸಿನ ಆಳು. ಇಳಕಲ್ಲಿನ ಸುತ್ತ ಹತ್ತು ಹರದಾರಿಯೊಳಗೆ ಜೀಪಿನ ಕೆಲಸ ಗೊತ್ತಿದ್ದವನು ಅವನೊಬ್ಬನೇ.

"ಗುಡೂರಿಗೆ ಹೊಂಟಿದ್ದೆರಿ" ಎಂದಳು ಕುಮುದಿನಿ. "ಹೆಣ್ಣಮಗಳೊಬ್ಬಾಕಿ ಎರಡು ದಿನದಿಂದ ಬ್ಯಾನಿ ತಿನ್ನಾಕತ್ತಾಳಂತ. ಕೂಸು ಅಡ್ಡ ಆಗೇದ. ಹಳ್ಳದಾಗ ಕಲ್ಲಿಗೆ ಬಡೀತು."

ಬೇರೆ ಯಾರೇ ಆಗಿದ್ದರೂ ಯಾರ ಮನೆ, ಏನು ಎಂದು ಕೇಳುತ್ತಿದ್ದರು; ರಾಚಪ್ಪ ಕೇಳಲಿಲ್ಲ. ಒಂದು ಗಳಿಗೆ ಅವಳ ಮುಖ ನೋಡಿದ. ನೋಡಿದವನೇ ಜೀಪಿನ ಕೆಳಗೆ ನುಸುಳಿದ.

ಲಾರಿಯ ಮಾಲೀಕ, ಶೇಂಗಾ ವ್ಯಾಪಾರಿ ಹೊಳಬಸಪ್ಪ ಅಲ್ಲೇ ನಿಂತಿದ್ದ. "ನನ್ನ ಲಾರಿ ಅರ್ಧಾ ಬಿಚ್ಚಿಟ್ಟು ಅಲ್ಲಿ ಹೊಂಟ್ಯೇನಪಾ?"

"ಮೊದಲ ಇದು" ಎಂದಿತು ಕೆಳಗಿನ ದನಿ.

"ಆತು. ಮಧ್ಯಾಹ್ನಕ್ಕ ನಮ್ಮ ಆಳು ಕಳಸ್ತೇನಿ" ಎಂದು ಗೊಣಗುತ್ತ ಹೊಳಬಸಪ್ಪ ಹೋದ.

ದಂಡಿನವರು ಹರಾಜು ಹಾಕಿದ ಹಳೆಯ ಜೀಪು ಅದು. ನಾಲ್ಕೂ ಚಕ್ರಕ್ಕೆ ಎಳೆತವಿದ್ದದ್ದು. ಹುನಗುಂದದಲ್ಲಿ ದವಾಖಾನೆ ತೆರೆದ ವರ್ಷವೇ ಕುಮುದಿನಿ ಅದನ್ನು ಕೊಂಡಿದ್ದಳು, ತಾನೇ ಓಡಿಸುತ್ತಿದ್ದಳು. ಈಗ ಮುಂದಿನ ಚಕ್ರದ ಮೇಲೆ ಕುಲುಕು ತಡೆಯುವ ಉಕ್ಕಿನ ಪಟ್ಟಿ, ಪಾಟಾ, ಎರಡು ತುಂಡಾಗಿತ್ತು. ಎಂಜಿನ್ನಿನ ಎಣ್ಣೆ ನಿಲ್ಲುವ ಚೇಂಬರ್ ಗೇಣುದ್ದ ಸೀಳಿ, ಎಣ್ಣೆಯೆಲ್ಲ ಹಳ್ಳದ ಪಾಲಾಗಿತ್ತು.

"ಹನ್ನೆರಡಕ್ಕ ಬಿಡ್ತೇನ್ರಿ" ಎಂದ ರಾಚಪ್ಪ.

ಆಗ ಹತ್ತು ದಾಟಿತ್ತು. ಗುಡೂರಿನ ಬಸ್ಸು ಬೆಳಿಗ್ಗೆಯೇ ಹೋಗಿತ್ತು, ಮತ್ತೆ ನಾಳೆಯೇ. ಕುಮುದಿನಿ ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೇವಿನ ನೆರಳಿನಲ್ಲಿ ಕೂತಳು. ಗುಡೂರಿನ ಸಾಲೆಯ ಮಾಸ್ತರರು ಬರೆದ ಚೀಟಿ ಚೀಲದಲ್ಲಿತ್ತು. ಕೂಡಲೇ ಹೊರಟು ಬರಬೇಕು ಎಂದಿತ್ತು, ಹೆಸರಿರಲಿಲ್ಲ. ಸುತ್ತಿನ ದಾರಿ ಬಿಟ್ಟು ಹಳ್ಳದ ಅಡ್ಡದಾರಿ ಹಿಡಿದದ್ದು ಅವಳೇ. ಒಂದು ತಾಸು ಉಳಿದೀತು ಅಂದುಕೊಂಡಿದ್ದಳು. ಆ ತಿಂಗಳು ಅವಳು ತಡವಾಗಿ ಮುಟ್ಟಿದ ಮನೆಗಳು ಆಗಲೇ ಎರಡು. ಮೊದಲನೆಯ ಸಲ ಅತ್ತಿದ್ದಳು. ಎರಡನೆಯ ಸಲ ಕೈ ತೊಳೆದುಕೊಂಡು ಬಂದಿದ್ದಳು. ಈಗ ಒಳಗೆ ಏನೂ ಅಲುಗುತ್ತಿರಲಿಲ್ಲ.

ರಾಚಪ್ಪ ಮಾತ್ರ ಮೈಮೇಲೆ ದೇವರು ಬಂದವನಂತೆ ದುಡಿಯುತ್ತಿದ್ದ. ಬೋಲ್ಟು ಬಿಚ್ಚುವಾಗ ಗೆಣ್ಣು ತರಚಿ ರಕ್ತ ಬಂದರೂ ನೋಡಲಿಲ್ಲ. ಕುಲುಮೆ ಹೊತ್ತಿಸಿದ, ಚೇಂಬರನ್ನು ಕೆಂಪಗೆ ಕಾಯಿಸಿ ಸೀಳಿಗೆ ಹಿತ್ತಾಳೆ ಬೆಸೆಯತೊಡಗಿದ.

ಹನ್ನೊಂದೂವರೆಗೆ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಲಾರಿಗೆ ಸೈಕಲ್ ಒರಗಿಸಿ, ಬೆವರು ಒರೆಸಿಕೊಂಡ.

"ಕಾಕಾ, ಇನ್ನ ಅವಸರ ಮಾಡಬ್ಯಾಡ ಅಂದಾರ. ಸಂಜೀಕ ಬಂದ್ರ ಸಾಕಂತ."

ರಾಚಪ್ಪ ಇಕ್ಕಳ ಹಿಡಿದುಕೊಂಡೇ "ಹೂಂ" ಎಂದ.

ಬಂದವನು ಇನ್ನೇನೋ ಹೇಳಲು ನಿಂತ. ಆಮೇಲೆ ಸೈಕಲ್ ತಿರುಗಿಸಿಕೊಂಡು ಹೋದ. ಹೊಳಬಸಪ್ಪ ಸಂಜೆಯ ತನಕ ತಡೆಯಲು ಒಪ್ಪಿದನಲ್ಲ ಎಂದು ಕುಮುದಿನಿಗೆ ಸಮಾಧಾನವಾಯಿತು.

ಆದರೆ ಆ ಹೊತ್ತಿನಿಂದ ರಾಚಪ್ಪನ ಕೈ ನಿಧಾನವಾಯಿತು. ಬೆಸುಗೆ ಆರಿದ ಮೇಲೆ ಚೇಂಬರಿಗೆ ನೀರು ತುಂಬಿ, ಸೋರುತ್ತದೋ ಎಂದು ನೋಡುತ್ತ ಕೂತ. ನೀರಿನ ಹನಿಯೂ ಬೀಳಲಿಲ್ಲ. ಆದರೂ ಕೂತೇ ಇದ್ದ. ಹಳೆಯ ಲಾರಿಯ ಪಾಟಾ ಕತ್ತರಿಸಿ ಜೀಪಿಗೆ ಕೂಡಿಸಿದ. ಹನ್ನೆರಡು ಹೊಡೆಯಿತು, ಒಂದೂ ಹೊಡೆಯಿತು. ಕೊನೆಗೆ ಮೂಲೆಯಿಂದ ದಪ್ಪ ತಗಡೊಂದನ್ನು ಎಳೆದು ತಂದು, ಚೇಂಬರಿನ ಅಡಿಗೆ ಕಟ್ಟಲು ಅದಕ್ಕೆ ತೂತು ಕೊರೆಯತೊಡಗಿದ.

ಕುಮುದಿನಿ ಎದ್ದು ಬಂದಳು. "ಇದನ್ಯಾರು ಹೇಳಿದ್ರಿ ನಿಮಗ? ಅಲ್ಲಿ ಒಂದು ಜೀವ ಹೋಗಾಕತ್ತದ."

"ತಗಡಿದ್ರ ಕಲ್ಲು ಬಡದ್ರೂ ಒಡಿಯೂದಿಲ್ಲರಿ. ಆ ಹಳ್ಳದಾಗ ಇನ್ನೊಮ್ಮೆ ಜೀಪು ನಿಂದರಬಾರದು."

"ನಿಮಗ ಹೆಣ್ಣಮಕ್ಕಳಿಲ್ಲೇನ್ರಿ?"

ಅವನು ಕೊರೆಯುವುದನ್ನು ನಿಲ್ಲಿಸಿದ. ತೂತಿನಲ್ಲಿ ಕೂತ ತಗಡಿನ ಪುಡಿಯನ್ನು ಬೆರಳಿನಿಂದ ಒರೆಸಿದ.

"ಇಲ್ಲರಿ, ಬಾಯಾರ."

"ಅದಕ್ಕ ನಿಮಗ ಗೊತ್ತಾಗೂದಿಲ್ಲ."

ಅವನು ಮತ್ತೆ ಕೊರೆಯತೊಡಗಿದ.

ಹೊಸ ಎಣ್ಣೆ ತುಂಬಿದ ಮೇಲೆ, ಮೂರಕ್ಕೆ ಎಂಜಿನ್ನು ಚಾಲೂ ಆಯಿತು. ರಾಚಪ್ಪ ಸೀಮೆಎಣ್ಣೆಯಲ್ಲಿ ಕೈ ತಿಕ್ಕಿದ, ಸಾಬೂನಿನಿಂದ ತೊಳೆದ, ಮತ್ತೊಮ್ಮೆ ತೊಳೆದ. ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟು, ಕೇಳದೆಯೇ ಅವಳ ಪಕ್ಕದಲ್ಲಿ ಹತ್ತಿ ಕೂತ.

"ನಾನೂ ಬರ್ತೇನ್ರಿ."

ಬೆಸುಗೆಯ ಮೇಲೆ ಅವನಿಗೇ ನಂಬಿಕೆಯಿಲ್ಲ ಎಂದುಕೊಂಡು ಕುಮುದಿನಿ ಗೇರು ಹಾಕಿದಳು. ಜೀಪು ಎಲ್ಲೂ ಮುಗ್ಗರಿಸಲಿಲ್ಲ. ಹಳ್ಳ ದಾಟುವಾಗ ಕಲ್ಲೊಂದು ಅಡಿಯ ತಗಡಿಗೆ ಬಡಿದು ಸದ್ದಾಯಿತು. ಗುಡೂರು ಹೊಕ್ಕ ಮೇಲೆ "ಎಡಕ್ಕ ತಗೋರಿ" ಎಂದ. ಇನ್ನೊಂದು ಸಂದಿಯಲ್ಲಿ "ಇಲ್ಲೇ ನಿಂದರಸ್ರಿ" ಎಂದ. ಊರು ಬಲ್ಲವನು ಜೊತೆಗಿದ್ದದ್ದು ಒಳ್ಳೆಯದಾಯಿತು ಎನಿಸಿತು ಅವಳಿಗೆ.

ಚೀಲ ಹಿಡಿದು ಓಡಿದವಳು ಬಾಗಿಲಲ್ಲೇ ನಿಂತಳು. ಪಡಸಾಲೆಯಲ್ಲಿ ಎಳೆಯ ಹೆಂಗಸೊಬ್ಬಳನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ ಬಳಿದಿದ್ದರು, ಕೊರಳಿಗೆ ಹೂವು ಹಾಕಿದ್ದರು. ಮಧ್ಯಾಹ್ನಕ್ಕೆ ಮೊದಲೇ ಎಲ್ಲ ಮುಗಿದಿತ್ತು ಎಂದು ಯಾರೋ ಹೇಳಿದರು. ಇದು ಮೂರನೆಯದು. ಕುಮುದಿನಿ ಮಿಸ್ತ್ರಿಯ ಕಡೆ ತಿರುಗಿದಳು. ಕೇಳಿದ ಹೊತ್ತು ಮನಸ್ಸಿಗೆ ಇಳಿಯುವ ಮೊದಲೇ, ನಿಮ್ಮ ತಗಡಿಗಾಗಿಯೇ ತಡವಾಯಿತು ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ, ಬೆಳಿಗ್ಗೆ ಸೈಕಲ್ ಮೇಲೆ ಬಂದಿದ್ದವನು ಬಾಗಿಲಿನಿಂದ ಸರಿದು ದಾರಿ ಬಿಟ್ಟ; ಮುದುಕಿಯೊಬ್ಬಳು ರಾಚಪ್ಪನ ಕೈ ಹಿಡಿದು ಒಳಗೆ ಕರೆದೊಯ್ದು, ಕೂತ ಹೆಣದ ಎದುರು ಅವನನ್ನು ಕೂಡಿಸಿ ದನಿ ತೆಗೆದಳು: "ಕಣ್ಣ ತಗದು ನೋಡ ಸೋಮವ್ವಾ, ನಿಮ್ಮಪ್ಪ ಬಂದಾನ."