ಅಪ್ಪನ ಒಂದು ‘ಹ್ಞೂಂ’

ವಿಜಯಕುಮಾರ ರುಬ್ಬುಗುಂಡನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಬಲಗಾಲನ್ನು ಅದರ ಕೆಳಗೆ ಸರಿಯಾಗಿ ಇಟ್ಟುಕೊಂಡು ನಿಂತಿದ್ದ. ಕೈ ಬಿಟ್ಟರೆ ಸಾಕು. ಪಾದ ಮುರಿಯುತ್ತದೆ, ಇವತ್ತಿನ ರೈಲು ತಪ್ಪುತ್ತದೆ, ಮಿಲಿಟರಿಯೂ ತಪ್ಪುತ್ತದೆ. ಬಾಯಿಬಿಟ್ಟು ‘ಒಲ್ಲೆ’ ಎನ್ನಲಾಗದವನಿಗೆ ಬೇರೆ ದಾರಿ ಕಾಣಲಿಲ್ಲ.

ಕಣ್ಣು ಮುಚ್ಚಿ ಬೆರಳು ಸಡಿಲಿಸುವಷ್ಟರಲ್ಲಿ ಗುಂಡು ಹಗುರವಾಯಿತು. ಕಣ್ಣು ಬಿಟ್ಟರೆ ಎದುರಿಗೆ ಅಪ್ಪ. ಪಂಚಪ್ಪ ಮಗನ ಕೈಯಿಂದ ಗುಂಡನ್ನು ತೆಗೆದು ಒರಳಿಗೆ ಇಳಿಸಿದ. ಮೀಸೆ ಅದುರಿತು. ಏನೋ ಹೇಳುವವನಂತೆ ಗಂಟಲು ಸರಿಮಾಡಿಕೊಂಡ, ಹೇಳಲಿಲ್ಲ. ಮಗನ ಕಾಲನ್ನೇ ನೋಡುತ್ತ ನಿಂತಿದ್ದು ಒಳಗೆ ಹೋದ. ವಿಜಯಕುಮಾರನಿಗೆ ಖಾತ್ರಿಯಾಯಿತು. ಇನ್ನು ಅಪ್ಪ ಕುತ್ತಿಗೆ ಹಿಡಿದಾದರೂ ರೈಲು ಹತ್ತಿಸದೆ ಬಿಡುವುದಿಲ್ಲ.

ಪಂಚಪ್ಪ ಗದಗದ ಕಡೆಯವ. ಸೈನ್ಯದಲ್ಲಿ ಹದಿನೇಳು ವರ್ಷ ಕಳೆದು ಬಂದು ಜಾಲಹಳ್ಳಿಯಲ್ಲಿ ಮನೆ ಮಾಡಿದ್ದ. ಈಗ ಕೆಂಪಾಪುರದ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಿದ್ದ. ಮಾತೇ ಆಡುತ್ತಿರಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ ಅನ್ನಿ. ಅವನು ಆ ಮೀಸೆ ಹೊತ್ತು ಸುಮ್ಮನೆ ನಿಂತರೆ ಸಾಕು, ಅಡ್ಡಾದಿಡ್ಡಿ ನಿಂತ ಕಾರುಗಳು ತಾವಾಗಿ ನೆಟ್ಟಗಾಗುತ್ತಿದ್ದವು. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿ ರತ್ನಕ್ಕನೇ ಆಡುತ್ತಿದ್ದಳು.

ವಿಜಯಕುಮಾರನೂ ಮಾತಾಡುತ್ತಿರಲಿಲ್ಲ. ಆದರೆ ಅವನ ಮೌನಕ್ಕೆ ಯಾರೂ ಹೆದರುತ್ತಿರಲಿಲ್ಲ, ನಗುತ್ತಿದ್ದರು. ಮತ್ತಿಕೆರೆಯ ಕಾಲೇಜಿನಲ್ಲಿ ಸೆಮಿನಾರಿಗೆಂದು ಎದ್ದು ನಿಂತವನು ಬೆವೆತು ನಡುಗಿ, ಬ್ಯಾಗು ಅಲ್ಲೇ ಬಿಟ್ಟು ಮನೆಗೆ ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಸಂಜೆಯೇ ರತ್ನಕ್ಕ ತೀರ್ಮಾನ ಮಾಡಿಬಿಟ್ಟಳು.

“ಮಿಲಿಟರಿಗೆ ಕಳಸೂಣು. ನಿಮ್ಮಪ್ಪನೂ ನಿನ್ನಂಗ ಇದ್ದರು. ತಾಳಿ ಕಟ್ಟುಮುಂದ ನನ್ನ ಮಾರಿ ಸುದ್ದಾ ನೋಡಿರಲಿಲ್ಲ. ಈಗ ನೋಡು, ಇವರು ಹೊರಗ ಬಂದ್ರ ಓಣಿಗೆ ಓಣೀನೇ ಗಪ್ ಆಗತೈತಿ. ಹೌದಲ್ರೀ?”

ಪಂಚಪ್ಪ ತಟ್ಟೆಯಿಂದ ತಲೆ ಎತ್ತಿದ. ಹೆಂಡತಿಯನ್ನು ನೋಡಿದ, ಮಗನನ್ನು ನೋಡಿದ. “ಹ್ಞೂಂ,” ಅಂದ.

ಆ ಮನೆಯಲ್ಲಿ ಅಪ್ಪನ ‘ಹ್ಞೂಂ’ ಅಂದರೆ ಅಪ್ಪಣೆ. ಅದರ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಸೈನ್ಯದ ಭರ್ತಿಯ ದಿನ ಬೆಳಗ್ಗೆ ಅಲಾರಂ ಹೊಡೆಯಲಿಲ್ಲ. ಗಡಿಯಾರದಲ್ಲಿ ಸೆಲ್ಲೇ ಇರಲಿಲ್ಲ. ಪುಣ್ಯಕ್ಕೆ ರತ್ನಕ್ಕನದು ಕೋಳಿನಿದ್ದೆ, ಎಬ್ಬಿಸಿದಳು. ಆಮೇಲೆ ಹೊಸ ಶೂಗಳಲ್ಲಿ ಒಂದು ಕಾಣಿಸಲಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು.

“ನೋಡಿ ಕಲಿ. ಶೂ ಸುದ್ದಾ ಕೀಲಿ ಹಾಕಿ ಇಡತಾರ. ಶಿಸ್ತು ಅಂದ್ರ ಅದು,” ಎಂದು ರತ್ನಕ್ಕ ಹಿಗ್ಗಿದಳು.

ಮೈದಾನದ ಓಟದಲ್ಲಿ ಬೇಕೆಂದೇ ಹಿಂದೆ ಬೀಳುವುದೆಂದು ವಿಜಯಕುಮಾರ ಲೆಕ್ಕ ಹಾಕಿದ್ದ. ಆದರೆ ಬೇಲಿಯಾಚೆ ಅಪ್ಪ ನಿಂತಿದ್ದ. ಮಗ ನಿಧಾನಿಸಿದಾಗಲೆಲ್ಲ ಎರಡೂ ಕೈ ಎತ್ತಿ ಬೀಸುತ್ತಿದ್ದ. ಇನ್ನೂ ಜೋರು ಅನ್ನುತ್ತಿದ್ದಾನೆಂದು ಹೆದರಿ ವಿಜಯಕುಮಾರ ಓಡಿದ. ಓಡುವುದಕ್ಕೆ ಮಾತು ಬೇಕಿಲ್ಲ. ಪಾಸಾಗಿಬಿಟ್ಟ.

ಅಂದಿನಿಂದ ಅಪ್ಪ ದಿನವೂ ಬೆಳಗಾಗುವ ಮುಂಚೆ ಅವನ ಹಾಸಿಗೆಯ ಬಳಿ ಬಂದು ನಿಲ್ಲುತ್ತಿದ್ದ. ಗಂಟಲು ಸರಿಮಾಡಿಕೊಂಡು, ಕಾದು, ಹೊರಟುಹೋಗುತ್ತಿದ್ದ. ತಾನು ಓಡಿಹೋಗದಂತೆ ಪಹರೆ ಕಾಯುತ್ತಿರಬೇಕೆಂದುಕೊಂಡು ವಿಜಯಕುಮಾರ ನಿದ್ದೆ ನಟಿಸುತ್ತ ಮಲಗಿರುತ್ತಿದ್ದ. ದಿಂಬು ಒದ್ದೆಯಾಗುತ್ತಿತ್ತು.

ಈಗ ಆಟೋ ಬಂದು ನಿಂತಿತ್ತು. ರತ್ನಕ್ಕ ರೊಟ್ಟಿಯ ಬುತ್ತಿ ಹಿಡಿದು ಹತ್ತಿದಳು. ಪಂಚಪ್ಪ ಮುಂದಕ್ಕೆ ಬಾಗಿ ಹೆಬ್ಬಾಳದ ದಿಕ್ಕಿಗೆ ಕೈ ತೋರಿಸಿದ.

“ಸಾರ್, ಯಶವಂತಪುರ ಈ ಕಡೆ ಅಲ್ವಾ?” ಎಂದ ಚಾಲಕ ಅರ್ಮಾನ್. “ಹೆಬ್ಬಾಳಕ್ಕೆ ಹೋದ್ರೆ ಜಾಮ್ ಗ್ಯಾರಂಟಿ. ಟ್ರೇನ್ ಸಿಗಲ್ಲ.”

ಪಂಚಪ್ಪ ಮತ್ತೆ ಅದೇ ಕಡೆ ಕೈ ತೋರಿಸಿದ. ಅರ್ಮಾನ್ ಕನ್ನಡಿಯಲ್ಲಿ ಮೀಸೆ ನೋಡಿ ತೆಪ್ಪಗೆ ಗಾಡಿ ತಿರುಗಿಸಿದ.

“ಏರ್‌ಫೋರ್ಸ್ ಗೇಟು ತೋರಸಾಕ ಇರಬೇಕು. ನಿನಗ ಹುರುಪು ಬರಲಿ ಅಂತ,” ರತ್ನಕ್ಕ ಮಗನ ಕಿವಿಯಲ್ಲಿ ಹೇಳಿದಳು.

ಹೆಬ್ಬಾಳದ ಫ್ಲೈಓವರ್ ಕೆಳಗೆ ಆಟೋ ಅಲ್ಲಾಡಲಿಲ್ಲ. ವಿಜಯಕುಮಾರ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತ. ಅವರು ಸ್ಟೇಷನ್ ಮುಟ್ಟಿದಾಗ ರೈಲಿನ ಹೊತ್ತು ಎಂದೋ ಮೀರಿತ್ತು. ಆದರೆ ಹಣೆಬರಹ ನೋಡಿ, ರೈಲೂ ತಡವಾಗಿ ಆಗಷ್ಟೇ ಬಂದು ನಿಂತಿತ್ತು.

ಇದೇ ಕೊನೆಯ ಅವಕಾಶ. ರಾತ್ರಿಯೆಲ್ಲ ಉರುಹೊಡೆದ ಮಾತು ನಾಲಗೆಯ ತುದಿಯಲ್ಲಿತ್ತು. “ಅಪ್ಪಾ...” ಅಂದ. ಪಂಚಪ್ಪ ತಟ್ಟನೆ ತಿರುಗಿ ತಾನೂ ಬಾಯಿ ತೆರೆದ. ವಿಜಯಕುಮಾರ ಉಳಿದ ಮಾತನ್ನು ನುಂಗಿಕೊಂಡ.

“ಹತ್ತೋ, ಬಿಡಾಕತ್ತೈತಿ!” ರತ್ನಕ್ಕ ಇಬ್ಬರ ನಡುವೆ ನುಗ್ಗಿ ಮಗನನ್ನು ಬೋಗಿಯೊಳಗೆ ತಳ್ಳಿದಳು.

ರೈಲು ಹೊರಟಿತು. ಕಿಟಕಿಯಾಚೆ ಅವ್ವ ಅಳುತ್ತ ಕೈಬೀಸುತ್ತಿದ್ದಳು. ಪಕ್ಕದಲ್ಲಿ ಅಪ್ಪ ಇರಲಿಲ್ಲ. ಕಳಿಸಿಕೊಡಲಿಕ್ಕೂ ನಿಲ್ಲಲಿಲ್ಲವಲ್ಲ ಎಂದು ವಿಜಯಕುಮಾರನಿಗೆ ಅಳು ಒತ್ತರಿಸಿ ಬಂತು. ಎಲ್ಲ ಮುಗಿದುಹೋಯಿತು.

ಅಷ್ಟರಲ್ಲಿ ರೈಲು ಕಿರುಚಿ, ಮುಗ್ಗರಿಸಿ ನಿಂತಿತು. ಜನ ಬೈಯುತ್ತ ಎದ್ದರು. ವಿಜಯಕುಮಾರ ಎದ್ದು ನೋಡಿದರೆ ಬೋಗಿಯ ಇನ್ನೊಂದು ತುದಿಯಲ್ಲಿ ಚೈನಿಗೆ ಜೋತುಬಿದ್ದು ನಿಂತಿದ್ದವನು ಅವನ ಅಪ್ಪ.

ಮುಖ ತುಂಬ ಬೆವರು. ಕೈಕಾಲು ನಡುಗುತ್ತಿದ್ದವು. ಹೀಗೆ ಬೆವೆತು ನಡುಗುವುದು ಹೇಗಿರುತ್ತದೆಂದು ವಿಜಯಕುಮಾರನಿಗೆ ಚೆನ್ನಾಗಿ ಗೊತ್ತಿತ್ತು. ಜನರನ್ನು ಸರಿಸಿಕೊಂಡು ಹತ್ತಿರ ಹೋದ. ಪಂಚಪ್ಪ ಮಗನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಹೋಗಬ್ಯಾಡ,” ಅಂದ, ಮಗನಿಗಷ್ಟೇ ಕೇಳುವಂತೆ.

ರೈಲ್ವೆ ಪೊಲೀಸ್ ದಾಪುಗಾಲು ಹಾಕಿಕೊಂಡು ಬಂದ. “ರೀ ಯಜಮಾನ್ರೇ, ನೀವೇನ್ರೀ ಚೈನ್ ಎಳೆದಿದ್ದು? ಯಾಕ್ರೀ? ಬಾಯ್ಬಿಟ್ಟು ಹೇಳ್ರೀ!”

ಮೀಸೆ ಅದುರಿತು. ಪಂಚಪ್ಪ ಗಂಟಲು ಸರಿಮಾಡಿಕೊಂಡ, ಮತ್ತೆ ಸರಿಮಾಡಿಕೊಂಡ, ಕಡೆಗೆ ಮಗನ ಬೆನ್ನ ಹಿಂದೆ ಸರಿದು ನಿಂತು ಪಿಸುಗುಟ್ಟಿದ:

“ನೀನ ಹೇಳ್ಪಾ... ಮಂದಿ ಮುಂದ ನನಗ ಇನ್ನೂ ಮಾತು ಬರಂಗಿಲ್ಲ.”