ಮುಂಬಯಿ ಹುಲ್ಲು

“ಹುಲ್ಲಿನ ಮ್ಯಾಲೆ ನಿಲ್ಲು,” ಎಂದಳು ಕಸ್ತೂರೆವ್ವ.

ರೇವವ್ವ ಚಪ್ಪಲಿ ಕಳಚಿ ನಿಂತಳು. ಬೇಸಿಗೆಯ ಬಿಸಿಲು ನೆತ್ತಿಯ ಮೇಲಿತ್ತು. ಕಾಲಡಿಯ ಹಸಿರು ರೊಟ್ಟಿಯ ಹಂಚಿನಂತೆ ಕಾದಿತ್ತು. ಅವಳು ಹಲ್ಲು ಕಚ್ಚಿದಳು. ಅತ್ತೆ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

“ಹೆಂಗೈತಿ?”

“ತಣ್ಣಗೈತ್ರಿ ಅತ್ತ್ಯಾರ.”

“ಖರೇ?”

“ಖರೇನರಿ.”

ಕಸ್ತೂರೆವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ದೇವರ ಜಗುಲಿಯಿಂದ ಗಂಟೆಯ ಸದ್ದು ಕೇಳಿಸಿತು. ಸೊಸೆಯ ಕಾಲು ಸುಟ್ಟು ದೇವರಿಗೆ ಕೈಮುಗಿಯುವ ಹೆಂಗಸನ್ನು ರೇವವ್ವ ಬೇರೆಲ್ಲೂ ಕಂಡಿರಲಿಲ್ಲ.

ಅದು ಪ್ಲಾಸ್ಟಿಕ್ ಹುಲ್ಲು. ಅತ್ತೆಯ ತಮ್ಮ ಶಂಭುಲಿಂಗಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ. ದಿಲ್ಲಿಯಲ್ಲಿ ಏಷ್ಯಾಡ್ ಕ್ರೀಡಾಕೂಟ ನಡೆದ ಮರುವರ್ಷ, ಹೋಟೆಲಿನ ಮಾಳಿಗೆಯಿಂದ ಕಿತ್ತುಹಾಕಿದ ಹಾಸನ್ನು ಸುರುಳಿ ಸುತ್ತಿ ರೈಲಿನಲ್ಲಿ ಅಣ್ಣಿಗೇರಿಗೆ ತಂದ. ಅಲ್ಲಿಂದ ಚಕ್ಕಡಿಯಲ್ಲಿ ಅಕ್ಕನ ಊರಾದ ಶಲವಡಿಗೆ. ಅಕ್ಕನ ಹಿತ್ತಲಿನಲ್ಲಿ ಹಾಕಿದ್ದ ಮಲ್ಲಿಗೆ, ಬದನೆ ಎಲ್ಲ ಬಾವಿಯ ಸವಳು ನೀರಿಗೆ ಸತ್ತುಹೋಗಿದ್ದವು.

“ಇದಕ್ಕ ನೀರು ಬ್ಯಾಡ, ಗೊಬ್ಬರ ಬ್ಯಾಡ. ಮಳಿಗಾಲದಾಗ ಎರಿ ಮಣ್ಣು ಕಾಲಿಗೆ ಮೆತ್ತೂದಿಲ್ಲ,” ಎಂದು ಅವನು ಹೊಗಳಿದ. “ಚಪ್ಲಿ ಹಾಕ್ಕೊಂಡು ಮಾತ್ರ ತುಳಿಬ್ಯಾಡ್ರಿ.” ಇಷ್ಟು ಹೇಳಿ ಮುಂಬಯಿಗೆ ಹೊರಟುಹೋದ.

ಊರೆಲ್ಲ ಬಂದು ನೋಡಿತು. ನೆರೆಮನೆಯ ಎಮ್ಮೆ ಒಮ್ಮೆ ಬಾಯಿ ಹಾಕಿ, ಮೋಸಹೋದಂತೆ ಮುಖ ತಿರುಗಿಸಿತು. ಆದರೆ ಎಳೆಗಳ ನಡುವೆ ಕೂತ ಧೂಳು ಕಸಬರಿಗೆಗೆ ಬಗ್ಗುತ್ತಿರಲಿಲ್ಲ. ಬೆರಳು ಹಾಕಿ ಕೆದಕಬೇಕು. ಆ ಕೆಲಸ ಸೊಸೆಯದು. ಅದು ಮುಗಿದ ಮೇಲೆ, ಬಿಸಿಲೇರಿದಾಗ, ಈ ನಿಲ್ಲುವ ಶಿಕ್ಷೆ.

ಗಂಡ ಕುಬೇರಪ್ಪ ಬಸ್ ಕಂಡಕ್ಟರ್. ಹೊತ್ತು ಮುಳುಗಿದ ಮೇಲೆ ಅವನು ಮನೆಗೆ ಬರುವಷ್ಟರಲ್ಲಿ ಹುಲ್ಲು ತಂಪಾಗಿರುತ್ತಿತ್ತು. ರೇವವ್ವ ಒಮ್ಮೆ ಹೇಳಿ ನೋಡಿದಳು. “ಅವ್ವನೂ ಅದರ ಮ್ಯಾಲೇ ಅಡ್ಡಾಡತಾಳಲ್ಲ?” ಎಂದ ಅವನು.

ಅವಳ ಬಾಯಿ ಕಟ್ಟಿದ್ದು ಅದೇ. ಅತ್ತೆ ನಡುಮಧ್ಯಾಹ್ನ ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು, ಕೆರೆಯ ದಂಡೆಯಲ್ಲಿ ಗಾಳಿಗೆ ಅಡ್ಡಾಡುವವರಂತೆ. ಹುಲ್ಲು ಹಾಸಿದ ದಿನವೇ ಕೇಳಿದ್ದಳು: “ನನಗೇನ ಬಿಸಿ ಹತ್ತವಲ್ದು. ನಿನಗ?” ಯರಗುಪ್ಪಿಯ ಒಕ್ಕಲುತನದ ಮನೆಯ ಮಗಳು, ಎರೆ ಹೊಲದಲ್ಲಿ ಬರಿಗಾಲಲ್ಲೇ ಬೆಳೆದವಳು, ಸೋಲೊಪ್ಪಿಕೊಳ್ಳುವುದುಂಟೆ? “ನನಗೂ ಇಲ್ರಿ,” ಎಂದುಬಿಟ್ಟಿದ್ದಳು. ಈಗ ಬಿಸಿ ಎಂದರೆ ಅಂದು ಆಡಿದ್ದು ಸುಳ್ಳಾಗುತ್ತದೆ. ತನ್ನ ಮಾತೇ ತನ್ನ ಕೊರಳಿಗೆ ಹಗ್ಗವಾಗಿತ್ತು.

ಹುಲ್ಲಿನದಷ್ಟೇ ಅಲ್ಲ. ಗುಡಿಗೆ ಹೋಗುವಾಗ ಅತ್ತೆಯ ಚಪ್ಪಲಿ ದಾರಿಯಲ್ಲೇ ಕಳಚಿ ಬೀಳುತ್ತಿತ್ತು. ಅವಳು ತಿರುಗಿಯೂ ನೋಡದೆ ಮುಂದೆ ನಡೆಯುತ್ತಿದ್ದಳು. ಹಿಂದೆ ಬರುವ ಸೊಸೆ ಅದನ್ನು ಎತ್ತಿ ತಂದು ಕಾಲ ಬಳಿ ಇಡಬೇಕು. ರೇವವ್ವನಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಅತ್ತೆಯ ತವರಿನವರ ಕಥೆ ಅವಳ ಕಿವಿಗೆ ಬಿದ್ದಿತ್ತು. ಹೆತ್ತ ತಂದೆಯನ್ನೇ ಕಡೆಗಾಲದಲ್ಲಿ ಊರ ಹೊರಗೆ ಗುಡಿಸಲು ಹಾಕಿ ಇಟ್ಟಿದ್ದರಂತೆ. ಆ ರಕ್ತವೇ ಅಂಥದ್ದು.

ಒಂದು ಮಧ್ಯಾಹ್ನ ನೆರೆಮನೆಯ ರೇಷ್ಮಾಬಿ ಮಜ್ಜಿಗೆ ಕೇಳಲು ಬಂದಳು. ಹುಲ್ಲಿನ ಮೇಲೆ ಕಾಲಿಟ್ಟವಳು ಹಾರಿ ಹಿಂದೆ ಸರಿದಳು. “ಯವ್ವಾ, ಇದೇನಬೇ, ಕಾಲು ಸುಟ್ಟು ಹೋದ್ವು.”

ಕಸ್ತೂರೆವ್ವನ ಮುಖ ಬಿಳಿಚಿತು. ಸೊಸೆಯ ಮುಂಗೈ ಹಿಡಿದಳು. ಹಿಡಿತ ಬಿಗಿಯಾಗಿತ್ತು. “ನೀ ಹೇಳ ರೇವವ್ವಾ. ಬಿಸಿ ಐತೇನು?”

ಈ ಬೆದರಿಕೆ ಅರ್ಥವಾಗದಷ್ಟು ರೇವವ್ವ ಹುಡುಗಿಯಾಗಿರಲಿಲ್ಲ. “ಇಲ್ರಿ. ಅಗದಿ ತಣ್ಣಗೈತಿ.”

“ಕೇಳಿದೇನ ರೇಷ್ಮಾ? ನಿನ್ನ ಕಾಲು ನಾಜೂಕು,” ಎಂದು ನಕ್ಕ ಕಸ್ತೂರೆವ್ವ ಕೇಳಿದ್ದಕ್ಕಿಂತ ಹೆಚ್ಚೇ ಮಜ್ಜಿಗೆ ಕೊಟ್ಟು ಕಳಿಸಿದಳು.

ಅಂದು ಅಂಗಾಲಿನ ಬೊಬ್ಬೆಗಳಿಗೆ ಬೆಣ್ಣೆ ಹಚ್ಚಿಕೊಳ್ಳುತ್ತ ರೇವವ್ವ ನಿರ್ಧರಿಸಿದಳು. ಯರಗುಪ್ಪಿಗೆ ಹೇಳಿ ಕಳಿಸಿದಳು. ಅಣ್ಣ ಮಡಿವಾಳೆಪ್ಪ ಬಂದ. ತಾಯಿಗೆ ಮೈ ನೆಟ್ಟಗಿಲ್ಲ, ತಂಗಿಯನ್ನು ಕರೆದೊಯ್ಯುತ್ತೇನೆ ಎಂದು ಪಡಸಾಲೆಯಲ್ಲಿ ಕೂತು ಸುಳ್ಳು ಹೇಳಿದ. ಮರಳಿ ಬರುವ ಮನಸ್ಸು ರೇವವ್ವನಿಗೆ ಇರಲಿಲ್ಲ. ಸೀರೆಗಳನ್ನೆಲ್ಲ ಗಂಟು ಕಟ್ಟಿದ್ದಳು.

“ಹೋಗಿ ಬಾ,” ಎಂದಳು ಕಸ್ತೂರೆವ್ವ. ಹಿತ್ತಲಿಗೆ ನಡೆದು, ಹುಲ್ಲಿನ ನಡುವೆ ನಿಂತು ಕೂಗಿದಳು. “ಹೋಗೂದಕ್ಕಿಂತ ಮೊದಲ ಒಮ್ಮೆ ನಿಂತು ಹೋಗು ಬಾ.”

ಹೊರಡುವ ದಿನವೂ ಬಿಡಲೊಲ್ಲಳು. ರೇವವ್ವ ಹೋಗಿ ಎದುರಿಗೆ ನಿಂತಳು. ಅಣ್ಣ ಇದ್ದಾನೆಂಬ ಧೈರ್ಯವಿತ್ತು.

“ಬಿಸಿ ಐತ್ರಿ,” ಎಂದಳು. “ಕೆಂಡ ಐತಿ. ಹಾಸಿದ ದಿನದಿಂದ ಹಿಂಗ ಐತಿ. ನಿಮಗ ಅಂಜಿ ಸುಳ್ಳು ಹೇಳತಿದ್ದೆ.”

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈಗುಳ ಬರಲಿಲ್ಲ. ಅತ್ತೆ ಕುಸಿದು ಹುಲ್ಲಿನ ಮೇಲೆಯೇ ಕೂತಳು. ಆಗ ಅವಳ ಅಂಗಾಲು ಕಾಣಿಸಿತು. ಹಾಸಿನ ಅಂಚಿಗೆ ಹೊಡೆದಿದ್ದ ಮೊಳೆಯೊಂದು ಕಿತ್ತುಬಂದು ಹಿಮ್ಮಡಿಯಲ್ಲಿ ತಲೆಯವರೆಗೂ ಹೊಕ್ಕಿತ್ತು. ಹೊಸಿಲಿನಿಂದ ಇಲ್ಲಿಯವರೆಗೆ ಕೆಂಪು ಹೆಜ್ಜೆಗಳು ಮೂಡಿದ್ದವು.

ರೇವವ್ವ ಮಂಡಿಯೂರಿ ಆ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಮೊಳೆ ಕಿತ್ತಳು. ಅತ್ತೆ ಹಾ ಎನ್ನಲಿಲ್ಲ. ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದಳು.

“ನಿನಗೂ ತಣ್ಣಗ ಐತಿ ಅಂದಿದ್ದಕ್ಕ,” ಎಂದಳು ಕಸ್ತೂರೆವ್ವ, “ನಮ್ಮಪ್ಪನ ರೋಗ ನನಗ ಬಂದಿಲ್ಲ ಅಂತ ತಿಳಕೊಂಡಿದ್ದೆ.”