ಪಥ್ಯ

"ತಲೆಸುತ್ತು ಅಂತ ನಾಟಕ ಆಡ್ತಾಳೆ ಕಣಕ್ಕ. ಶುಂಠಿ ಕಷಾಯ, ನೆಲ್ಲಿಕಾಯಿ ರಸ, ಎಲ್ಲ ಕುಡಿಸಿ ಆಯ್ತು!" ಅತ್ತೆ ಸೊಸೆಯನ್ನು ನಾಟಿವೈದ್ಯೆಯ ಮುಂದೆ ತಳ್ಳಿದಳು.

ವೈದ್ಯೆ ಸೊಸೆಯ ಬಿಳಿಚಿದ ಕಣ್ಣುರೆಪ್ಪೆ ಎಳೆದು ನೋಡಿದಳು. "ಯಾವಾಗ ಉಣ್ತೀಯ ಮಗಾ?"

"ಎಲ್ಲರದೂ ಆದ್ಮೇಲೆ. ಉಳಿದಿದ್ರೆ."

"ನಮ್ಮನೆ ಸೊಸೇರೆಲ್ಲ ಹಂಗೇ ಉಣ್ಣೋದು," ಅತ್ತೆ ಸಿಡುಕಿದಳು.

ವೈದ್ಯೆಗೆ ರೇಗಿತು. ಒಣಶುಂಠಿ ಪುಡಿಯ ಪೊಟ್ಟಣವನ್ನು ಅತ್ತೆಯ ಕೈಗೆ ತುರುಕಿದಳು. "ದಿನಾ ಒಂದು ಚಿಟಿಕೆ ಕೊಡು. ಪಥ್ಯ ಒಂದೇ. ಮನೇಲಿ ಮೊದಲ ಮುದ್ದೆ ಇವಳಿಗೆ, ಹೊಟ್ಟೆ ತುಂಬಾ. ತಪ್ಪಿದ್ರೆ ಔಷಧಿ ವಿಷ ಆಗ್ತದೆ."

ಮೂರು ತಿಂಗಳ ಮೇಲೆ ಅತ್ತೆ ಒಬ್ಬಳೇ ಬಂದಳು. ಮುಖದ ಗಂಟು ಬಿಚ್ಚಿರಲಿಲ್ಲ.

"ಯಾಕೆ, ವಾಸಿ ಆಗ್ಲಿಲ್ವಾ?"

"ಅವಳಿಗೆ ಆಯ್ತು. ಈಗ ನಮ್ಮನೆಗೆ ಬಂದು, ನನ್ನ ಗಂಡನ ಎದುರಿಗೇ, ಆ ಪಥ್ಯ ನನಗೂ ಹೇಳು. ಮೂವತ್ತು ವರ್ಷದಿಂದ ನನಗೂ ತಲೆ ಸುತ್ತುತ್ತೆ."